ಪ್ಯಾಕ್‌ಮ್ಯಾನ್ ಬೋರ್ಡಿನಲ್ಲಿ ಚಿತ್ರ ಕೆಟ್ಟಾಗ ಯಾವ ಚಿಪ್ ಹೋಗಿದೆ ಎಂದು ಹುಡುಕುವ ಬಗೆ

ಹಳೆಯ ಆರ್ಕೇಡ್ ಬೋರ್ಡಿಗೆ ಕರೆಂಟ್ ಕೊಟ್ಟಿದ್ದೀರಿ. ಆಟವೇನೋ ಓಡುತ್ತಿದೆ, ಸದ್ದೂ ಬರುತ್ತಿದೆ. ಆದರೆ ಪರದೆ ತುಂಬ ಅಡ್ಡಾದಿಡ್ಡಿ ಅಕ್ಷರ, ಇಲ್ಲವೇ ಬಣ್ಣ ಏರುಪೇರು, ಇಲ್ಲವೇ ದೆವ್ವಗಳಿಗೆ ಅರ್ಧ ಮೈಯೇ ಇಲ್ಲ. ಇಂಥ ಹೊತ್ತಿನಲ್ಲಿ ಸೋಲ್ಡರಿಂಗ್ ಐರನ್ ಪಕ್ಕಕ್ಕಿಡಿ. ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿ. ಈ ಬೋರ್ಡಿನಲ್ಲಿ ಯಾವ ಚಿಪ್ ಕೆಟ್ಟಿದೆ ಎಂಬುದನ್ನು ಎಷ್ಟೋ ಸಲ ಚಿತ್ರವೇ ಹೇಳಿಬಿಡುತ್ತದೆ.

ಉದಾಹರಣೆಗೆ ಪ್ಯಾಕ್‌ಮ್ಯಾನ್ ಬೋರ್ಡನ್ನೇ ತೆಗೆದುಕೊಂಡಿದ್ದೇನೆ. ಜಪಾನಿನ ನಾಮ್ಕೊ 1980ರಲ್ಲಿ ತಂದ ಆಟ ಇದು. ಅಮೆರಿಕದಲ್ಲಿ ತಯಾರಿಸಿ ಮಾರಿದ್ದು ಮಿಡ್‌ವೇ. ಇದರಲ್ಲಿ ಮೈಕ್ರೋಪ್ರೊಸೆಸರ್ ಮತ್ತು ಮೆಮೊರಿ ಚಿಪ್‌ಗಳನ್ನು ಬಿಟ್ಟರೆ ಉಳಿದದ್ದೆಲ್ಲ ಹೆಚ್ಚುಕಡಿಮೆ ಸಾದಾ ಟಿಟಿಎಲ್ ಚಿಪ್‌ಗಳೇ, ಅಂದರೆ ಒಂದೊಂದು ಸಣ್ಣ ಲಾಜಿಕ್ ಕೆಲಸ ಮಾಡುವ ಚಿಪ್‌ಗಳು. ಹಾಗಾಗಿ ಕಲಿಯುವವರಿಗೆ ಇಷ್ಟು ಒಳ್ಳೆಯ ಬೋರ್ಡು ಇನ್ನೊಂದು ಸಿಗುವುದು ಕಷ್ಟ. ಕೆಳಗೆ ಹೇಳುವ 5ಇ, 4ಎ ಮುಂತಾದ ಹೆಸರುಗಳು ಮೂಲ ಬೋರ್ಡಿನ ಮೇಲೆ ಚಿಪ್ ಕೂತಿರುವ ಜಾಗದ ಗುರುತುಗಳು. ಈ ಬೋರ್ಡಿನ ನಕಲುಗಳು ಬಹಳ ಇವೆ. ನಿಮ್ಮದು ನಕಲಾಗಿದ್ದರೆ ಗುರುತು ಬೇರೆ ಇರಬಹುದು, ಆದರೆ ಹುಡುಕುವ ದಾರಿ ಅದೇ.

ಮೊದಲು ಒಂದು ಎಚ್ಚರಿಕೆ. ಅಮೆರಿಕದಿಂದ ಬಂದ ಕ್ಯಾಬಿನೆಟ್ ಆದರೆ ಅದರ ಟ್ರಾನ್ಸ್‌ಫಾರ್ಮರ್ 115 ವೋಲ್ಟ್‌ನದು. ನಮ್ಮ 230 ವೋಲ್ಟ್ ಸಾಕೆಟ್‌ಗೆ ನೇರ ಹಾಕಬೇಡಿ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಹಾಗೆಯೇ ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರ್‌ನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಆಫ್ ಮಾಡಿದ ಮೇಲೂ ಉಳಿದಿರುತ್ತದೆ. ಇಲ್ಲಿ ಹೇಳುವ ಯಾವ ಪರೀಕ್ಷೆಗೂ ಅದರೊಳಗೆ ಕೈ ಹಾಕಬೇಕಾಗಿಲ್ಲ.

ಕರೆಂಟ್ ಮತ್ತು ಕನೆಕ್ಟರ್

ಈ ಬೋರ್ಡಿಗೆ ಹೊರಗಿನಿಂದ 5 ವೋಲ್ಟ್ ಡಿಸಿ ಬರುವುದಿಲ್ಲ. ಟ್ರಾನ್ಸ್‌ಫಾರ್ಮರ್‌ನಿಂದ ಸುಮಾರು 7 ವೋಲ್ಟ್ ಎಸಿ ಬರುತ್ತದೆ, ಅದನ್ನು 5 ವೋಲ್ಟ್ ಡಿಸಿ ಮಾಡುವ ಕೆಲಸ ಬೋರ್ಡಿನ ಮೇಲೆಯೇ ನಡೆಯುತ್ತದೆ. ಅಷ್ಟೂ ಕರೆಂಟ್ ಅಂಚಿನ ಕನೆಕ್ಟರಿನ ಕೆಲವೇ ಕಾಲುಗಳ ಮೂಲಕ ಹಾಯಬೇಕು. ಹಾಗಾಗಿ ಆ ಕಾಲುಗಳು ಬಿಸಿಯಾಗಿ, ಕಪ್ಪಾಗಿ, ಕೊನೆಗೆ ಸುಟ್ಟೇ ಹೋಗುವುದು ಈ ಬೋರ್ಡಿನ ಹಳೆಯ ಕಾಯಿಲೆ. ಕನೆಕ್ಟರ್ ತೆಗೆದು ನೋಡಿ. ಕಂದು ಕಲೆ ಇದ್ದರೆ ಬೇರೇನೂ ಮಾಡುವ ಮೊದಲು ಅದನ್ನು ಸರಿಪಡಿಸಿ.

5 ವೋಲ್ಟನ್ನು ಚಿಪ್ಪಿನ ಕಾಲಿನ ಮೇಲೆಯೇ ಅಳೆಯಬೇಕು. ಬೋರ್ಡಿನ ಮೇಲಿರುವ ಯಾವುದಾದರೂ 2114 ರ‍್ಯಾಮ್ ಚಿಪ್ (RAM, ಪ್ರೊಸೆಸರ್ ಬರೆದು ಓದುವ ಮೆಮೊರಿ) ಹಿಡಿಯಿರಿ. ಮೀಟರಿನ ಕೆಂಪು ವೈರು 18ನೇ ಕಾಲಿಗೆ, ಕಪ್ಪು 9ನೇ ಕಾಲಿಗೆ. 4.75ರಿಂದ 5.25ರ ಒಳಗೆ ಇರಲೇಬೇಕು. 4.9ಕ್ಕಿಂತ ಕೆಳಗಿದ್ದರೆ ನನಗಂತೂ ಸಮಾಧಾನ ಇಲ್ಲ, ಏಕೆಂದರೆ ಹಳೆಯ ರ‍್ಯಾಮ್‌ಗಳು ಅಲ್ಲಿಂದಲೇ ತಪ್ಪಲು ಶುರು ಮಾಡುತ್ತವೆ. ಹಾಗೆಯೇ ಮೀಟರನ್ನು ಎಸಿಗೆ ಹಾಕಿ ಅದೇ ಜಾಗದಲ್ಲಿ ನೋಡಿ. ನೂರಾರು ಮಿಲಿವೋಲ್ಟ್ ತೋರಿಸಿದರೆ ದೊಡ್ಡ ಫಿಲ್ಟರ್ ಕೆಪಾಸಿಟರ್ ಮುದಿಯಾಗಿದೆ. ಪರದೆಯ ಮೇಲೆ ಮಸುಕು ಪಟ್ಟಿಗಳು ನಿಧಾನಕ್ಕೆ ತೇಲುತ್ತಿದ್ದರೆ ಅದೂ ಇದೇ ಲಕ್ಷಣ.

ಆಮೇಲೆ ಸಾಕೆಟ್‌ಗಳು. ಹಳೆಯ ಚಿಪ್‌ಗಳ ಕಾಲುಗಳ ಮೇಲಿನ ಬೆಳ್ಳಿ ಲೇಪ ಕಪ್ಪಾಗಿರುತ್ತದೆ. ಸಾಕೆಟ್‌ನಲ್ಲಿರುವ ರಾಮ್‌ಗಳನ್ನು (ROM, ಓದಲು ಮಾತ್ರ ಆಗುವ ಮೆಮೊರಿ), ಎರಡು ಪುಟ್ಟ ಮರಿ ಬೋರ್ಡುಗಳನ್ನು ನಿಧಾನವಾಗಿ ಎತ್ತಿ, ಕಾಲು ಒರೆಸಿ, ಮತ್ತೆ ಕೂರಿಸಿ. ತೆಗೆಯುವ ಮೊದಲು ಯಾವುದು ಎಲ್ಲಿ, ಗುರುತಿನ ಕಚ್ಚು ಯಾವ ಕಡೆ ಎಂದು ಫೋಟೋ ಇರಲಿ. ಕೂರಿಸುವಾಗ ಒಂದು ಕಾಲು ಒಳಗೆ ಮಡಚಿಕೊಂಡರೆ ಇಲ್ಲದ ದೋಷವೊಂದು ಹೊಸದಾಗಿ ಹುಟ್ಟುತ್ತದೆ. ಮಿಸ್ ಪ್ಯಾಕ್‌ಮ್ಯಾನ್ ಆದರೆ ಪ್ರೊಸೆಸರ್ ಜಾಗಕ್ಕೆ ರಿಬ್ಬನ್ ಕೇಬಲ್‌ನಲ್ಲಿ ಇನ್ನೊಂದು ಬೋರ್ಡು ಬರುತ್ತದೆ. ಅಲ್ಲಿ ಆ ಕೇಬಲ್ಲೇ ಮೊದಲ ಆರೋಪಿ.

ಹಿನ್ನೆಲೆಯೋ, ಗೊಂಬೆಯೋ, ಎರಡೂನೋ?

ಇಡೀ ಹುಡುಕಾಟದ ಬುಡ ಇದು. ಪ್ಯಾಕ್‌ಮ್ಯಾನ್ ಪರದೆ ಎರಡು ಪದರದ್ದು. ಗೋಡೆ, ಚುಕ್ಕೆ, ಅಕ್ಷರ, ಅಂಕಿ ಎಲ್ಲವೂ 8 ಬೈ 8 ಪಿಕ್ಸೆಲ್‌ನ ಟೈಲ್‌ಗಳು. ಪ್ಯಾಕ್‌ಮ್ಯಾನ್ ಮತ್ತು ದೆವ್ವಗಳು 16 ಬೈ 16ರ ಸ್ಪ್ರೈಟ್‌ಗಳು, ಅಂದರೆ ಓಡಾಡುವ ಗೊಂಬೆಗಳು. ಟೈಲ್‌ಗಳ ಆಕಾರ 5ಇ ರಾಮ್‌ನಲ್ಲಿದೆ, ಒಟ್ಟು 256. ಸ್ಪ್ರೈಟ್‌ಗಳ ಆಕಾರ 5ಎಫ್‌ನಲ್ಲಿದೆ, ಒಟ್ಟು 64. ಎರಡೂ 4 ಕಿಲೋಬೈಟ್‌ನವು. ಎರಡರಿಂದಲೂ ಹೊರಟ ಡೇಟಾ ಮುಂದೆ ಒಂದೇ ದಾರಿ ಹಿಡಿಯುತ್ತದೆ. ಪಿಕ್ಸೆಲ್‌ಗಳನ್ನು ಒಂದೊಂದಾಗಿ ಹೊರಬಿಡುವ ಶಿಫ್ಟ್ ರಿಜಿಸ್ಟರ್ ದಾಟಿ, 4ಎ ಎಂಬ ಬಣ್ಣದ ಪಟ್ಟಿ ದಾಟಿ, ಬಣ್ಣದ ನಂಬರನ್ನು ಕೆಂಪು ಹಸಿರು ನೀಲಿಯಾಗಿಸುವ 7ಎಫ್ ತಲುಪಿ, ಅಲ್ಲಿಂದ ರೆಸಿಸ್ಟರ್‌ಗಳ ಮೂಲಕ ಮಾನಿಟರಿಗೆ ಹೋಗುತ್ತದೆ.

ಈಗ ಚಿತ್ರ ನೋಡಿ. ಗೋಡೆ ಅಕ್ಷರ ಕೆಟ್ಟಿವೆ, ದೆವ್ವಗಳು ಚೆನ್ನಾಗಿವೆ ಎಂದರೆ ತಪ್ಪು 5ಇಯಲ್ಲಿ ಅಥವಾ ವಿಡಿಯೋ ರ‍್ಯಾಮ್‌ನಲ್ಲಿ. ದೆವ್ವಗಳು ಮಾತ್ರ ಕೆಟ್ಟಿದ್ದರೆ 5ಎಫ್, ಇಲ್ಲವೇ ಸ್ಪ್ರೈಟ್‌ಗೆ ಮಾತ್ರ ಸೇರಿದ ಭಾಗಗಳು. ಎರಡೂ ಒಂದೇ ರೀತಿ ಕೆಟ್ಟಿದ್ದರೆ ಇಬ್ಬರೂ ಹಂಚಿಕೊಂಡ ದಾರಿಯಲ್ಲಿ ಎಲ್ಲೋ. ಇಷ್ಟರಲ್ಲೇ ಅರ್ಧಕ್ಕಿಂತ ಜಾಸ್ತಿ ಚಿಪ್‌ಗಳನ್ನು ಪಟ್ಟಿಯಿಂದ ಹೊಡೆದುಹಾಕಿದಿರಿ.

ಕಾಯಿನ್ ಬಾಗಿಲ ಒಳಗೆ ಟೆಸ್ಟ್ ಸ್ವಿಚ್ ಇದೆ ಅಲ್ವಾ, ಅದನ್ನು ಹಾಕಿದರೆ ಬೋರ್ಡು ತನ್ನನ್ನು ತಾನೇ ಪರೀಕ್ಷಿಸಿಕೊಂಡು ‘ಮೆಮೊರಿ ಓಕೆ’ ಎಂದು ಬರೆಯುತ್ತದೆ. ಅದನ್ನು ಓದಿ ಬೋರ್ಡಿನಲ್ಲಿರುವುದೆಲ್ಲ ಸರಿ ಅಂದುಕೊಳ್ಳಬೇಡಿ. ಆ ಪರೀಕ್ಷೆ ನೋಡುವುದು ಪ್ರೋಗ್ರಾಮ್ ರಾಮ್‌ಗಳನ್ನು, ರ‍್ಯಾಮ್‌ಗಳನ್ನು ಅಷ್ಟೇ. 5ಇ, 5ಎಫ್ ಎರಡನ್ನೂ ಪ್ರೊಸೆಸರ್ ಓದುವ ದಾರಿಯೇ ಬೋರ್ಡಿನಲ್ಲಿ ಇಲ್ಲ. ಅವು ಪೂರ್ತಿ ಸತ್ತಿದ್ದರೂ ಪರೀಕ್ಷೆ ಪಾಸಾಗುತ್ತದೆ!

ಇನ್ನೊಂದು ಮಾತು. ಆನ್ ಮಾಡಿದಾಗ ಒಂದು ಕ್ಷಣ ಕಸದಂಥ ಅಕ್ಷರಗಳು, ಆಮೇಲೆ ಚೌಕುಳಿ ಗೆರೆಗಳು ಬಂದು ಹೋಗುವುದು ಮಾಮೂಲಿ. ಕಸ ಬಂದು, ಬದಲಾಗಿ, ಮತ್ತೆ ಬಂದು, ಹೀಗೆ ಒಂದೇ ತಾಳದಲ್ಲಿ ಸುತ್ತುತ್ತಿದ್ದರೆ ಮಾತ್ರ ತೊಂದರೆ. ಬೋರ್ಡಿನಲ್ಲಿ ಕಾವಲುಗಾರ ಸರ್ಕ್ಯೂಟ್ ಒಂದಿದೆ. 16 ಫ್ರೇಮ್‌ಗಳೊಳಗೆ, ಅಂದರೆ ಸೆಕೆಂಡಿನ ಕಾಲುಭಾಗದಲ್ಲಿ, ಪ್ರೋಗ್ರಾಮ್ ತಾನು ಬದುಕಿದ್ದೇನೆ ಎಂದು ಹೇಳದಿದ್ದರೆ ಅದು ಎಲ್ಲವನ್ನೂ ರೀಸೆಟ್ ಮಾಡುತ್ತದೆ. ಹಾಗೆ ಸುತ್ತುತ್ತಿದ್ದರೆ ದೋಷ ಚಿತ್ರದ್ದಲ್ಲ. ಪ್ರೋಗ್ರಾಮ್ ರಾಮ್, ಕೆಲಸದ ರ‍್ಯಾಮ್, ಕ್ಲಾಕ್, ಇಲ್ಲವೇ ಪ್ರೊಸೆಸರ್ ಮತ್ತು ಚಿತ್ರದ ಭಾಗದ ನಡುವೆ ಸರದಿ ಹಂಚುವ ಮರಿ ಬೋರ್ಡು ನೋಡಿ. ಆಸಿಲೋಸ್ಕೋಪ್ ಇದ್ದರೆ 18.432 ಮೆಗಾಹರ್ಟ್ಸ್ ಕ್ರಿಸ್ಟಲ್‌ನಿಂದ ಶುರು ಮಾಡಿ. ಅದನ್ನು ಆರರಿಂದ ಭಾಗಿಸಿದ 3.072 ಮೆಗಾಹರ್ಟ್ಸ್ ಜೆಡ್80 ಪ್ರೊಸೆಸರಿನ 6ನೇ ಕಾಲಿಗೆ ಬರುತ್ತಿರಬೇಕು.

ಅಕ್ಷರಗಳು ಬೇರೆ ಅಕ್ಷರಗಳಾದಾಗ

ಈ ಬೋರ್ಡಿನಲ್ಲಿ ನನಗೆ ಬಹಳ ಇಷ್ಟವಾದ ದೋಷ ಇದು. ಸ್ವಲ್ಪ ಲೆಕ್ಕ ಹಾಕಿದರೆ ಮೀಟರ್ ಮುಟ್ಟದೆಯೇ ಉತ್ತರ ಸಿಗುತ್ತದೆ.

ವಿಡಿಯೋ ರ‍್ಯಾಮ್ 1 ಕಿಲೋಬೈಟ್. ಪರದೆಯ ಒಂದೊಂದು ಜಾಗಕ್ಕೂ ಯಾವ ಟೈಲ್ ಎಂಬ ನಂಬರ್ ಅಲ್ಲಿರುತ್ತದೆ. 2114 ಚಿಪ್ ಒಂದಕ್ಕೆ 4 ಬಿಟ್ ಅಗಲ ಮಾತ್ರ, ಹಾಗಾಗಿ ಎರಡು ಚಿಪ್ ಜೋಡಿಯಾಗಿ ಕೆಲಸ ಮಾಡುತ್ತವೆ. ಒಂದು ಕೆಳಗಿನ 4 ಬಿಟ್, ಇನ್ನೊಂದು ಮೇಲಿನ 4 ಬಿಟ್. ಪ್ಯಾಕ್‌ಮ್ಯಾನ್ ಟೈಲ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಆಸ್ಕಿ ನಂಬರ್‌ಗಳನ್ನೇ, ಅಂದರೆ ಕಂಪ್ಯೂಟರ್‌ಗಳಲ್ಲಿ ಅಕ್ಷರಕ್ಕೊಂದರಂತೆ ಬಳಸುವ ನಂಬರ್‌ಗಳನ್ನೇ ಇಟ್ಟಿದ್ದಾರೆ. ಹೆಕ್ಸ್ (ಹದಿನಾರರ) ಲೆಕ್ಕದಲ್ಲಿ ‘ಎ’ 41, ‘ಬಿ’ 42, ‘ಸಿ’ 43, ಹೀಗೆ. ಖಾಲಿ ಜಾಗ 40.

ಈಗ ತೀರಾ ಕೆಳಗಿನ ಬಿಟ್ ಯಾವಾಗಲೂ 1 ಆಗಿ ಅಂಟಿಕೊಂಡಿದೆ ಎನ್ನೋಣ. 40 ಹೋಗಿ 41 ಆಗುತ್ತದೆ. ಅಂದರೆ ಖಾಲಿ ಇರಬೇಕಾದ ಜಾಗಗಳೆಲ್ಲ ‘ಎ’ ಆಗಿ, ಪರದೆ ತುಂಬ ‘ಎ’ಗಳ ಸಾಲು. ಮೇಲೆ ‘ಹೈ ಸ್ಕೋರ್’ ಎಂದು ಯಾವಾಗಲೂ ಇರುತ್ತದಲ್ಲ, ಅದರ ಇಂಗ್ಲಿಷ್ ಅಕ್ಷರಗಳಲ್ಲಿ ‘ಎಚ್’ ಇದ್ದಲ್ಲೆಲ್ಲ ‘ಐ’ ಬರುತ್ತದೆ, ‘ಆರ್’ ಇದ್ದಲ್ಲಿ ‘ಎಸ್’ ಬರುತ್ತದೆ. ಆದರೆ ‘ಐ’, ‘ಜಿ’, ‘ಎಸ್’, ‘ಸಿ’, ‘ಒ’, ‘ಇ’ ಇವುಗಳ ನಂಬರ್ ಬೆಸ, ಕೆಳಗಿನ ಬಿಟ್ ಮೊದಲೇ 1. ಹಾಗಾಗಿ ಅವು ಹಾಗೇ ಉಳಿಯುತ್ತವೆ. ಕೆಲವು ಅಕ್ಷರ ಸರಿ, ಕೆಲವು ತಪ್ಪು ಎಂದು ಕಂಡಾಗ ಜನ ಗಾಬರಿಯಾಗುತ್ತಾರೆ. ಆದರೆ ಸುಳಿವು ಇರುವುದೇ ಅಲ್ಲಿ.

ಖಾಲಿ ಜಾಗಗಳಲ್ಲಿ ‘ಎ’ ಬದಲು ‘ಪಿ’ ತುಂಬಿದ್ದರೆ? ‘ಪಿ’ 50. 40 ಹೋಗಿ 50 ಆಗಬೇಕಾದರೆ ಮೇಲಿನ ನಾಲ್ಕು ಬಿಟ್‌ಗಳಲ್ಲಿ ಮೊದಲನೆಯದು ಅಂಟಿರಬೇಕು. ಅಂದರೆ ಜೋಡಿಯಲ್ಲಿ ಇನ್ನೊಂದು ಚಿಪ್. ಕಾಗದದ ಮೇಲೆ ಸರಿಯಾದ ಅಕ್ಷರ, ಬಂದ ಅಕ್ಷರ ಎರಡರ ನಂಬರ್ ಬರೆದು ವ್ಯತ್ಯಾಸ ನೋಡಿ. ಯಾವಾಗಲೂ 1, 2, 4, 8ರ ವ್ಯತ್ಯಾಸ ಬಂದರೆ ಕೆಳಗಿನ ಚಿಪ್ಪಿನ ಕಡೆ. ಹೆಕ್ಸ್ 10, 20, 40, 80 ಬಂದರೆ ಮೇಲಿನದರ ಕಡೆ.

ಹಾಗಂತ ಕೂಡಲೇ ರ‍್ಯಾಮ್ ಕೀಳಬೇಡಿ. ರ‍್ಯಾಮ್‌ಗೂ 5ಇಗೂ ನಡುವೆ ಬರುವ ಟಿಟಿಎಲ್ ಚಿಪ್ ಹೋದರೂ ಇದೇ ಚಿತ್ರ ಬರುತ್ತದೆ. ಇಲ್ಲಿ ಟೆಸ್ಟ್ ಸ್ವಿಚ್ ಉಪಯೋಗಕ್ಕೆ ಬರುತ್ತದೆ. ರ‍್ಯಾಮ್ ಕೆಟ್ಟಿದ್ದರೆ ಪ್ರೊಸೆಸರ್ ಬರೆದದ್ದು ಓದುವಾಗ ಬೇರೆಯಾಗಿ, ಪರೀಕ್ಷೆ ‘ಬ್ಯಾಡ್’ ಎನ್ನುತ್ತದೆ. ಪರೀಕ್ಷೆ ಪಾಸಾಗಿ ಚಿತ್ರ ಮಾತ್ರ ತಪ್ಪಾದರೆ ರ‍್ಯಾಮ್ ಚೆನ್ನಾಗಿದೆ, ಮುಂದಿನ ಚಿಪ್ ಹೋಗಿದೆ. ‘ಬ್ಯಾಡ್’ ಎಂಬ ಪದವೇ ಬೇರೆ ಅಕ್ಷರಗಳಾಗಿ ಕಾಣಬಹುದು, ಗಮನವಿಟ್ಟು ಓದಬೇಕು.

ಖಚಿತಪಡಿಸಿಕೊಳ್ಳಲು 2114ರ 11, 12, 13, 14ನೇ ಕಾಲುಗಳ ಮೇಲೆ ಲಾಜಿಕ್ ಪ್ರೋಬ್ (ಗೆರೆಯ ಮೇಲೆ ಸೊನ್ನೆಯೋ ಒಂದೋ ಮಿಡಿತವೋ ಎಂದು ತೋರಿಸುವ ಕಡ್ಡಿ) ಇಡಿ. ಡೇಟಾ ಓಡಾಡುವುದು ಅಲ್ಲೇ. ನಾಲ್ಕೂ ಮಿಡಿಯುತ್ತಿರಬೇಕು. ಒಂದು ಮಾತ್ರ ಅಲ್ಲಾಡದೆ ನಿಂತಿದ್ದರೆ ಸಿಕ್ಕಿತು. ಸ್ಕೋಪ್‌ನಲ್ಲಿ ನೋಡುವಾಗ 0.8 ವೋಲ್ಟ್‌ಗಿಂತ ಕೆಳಗೆ ಸೊನ್ನೆ, 2ಕ್ಕಿಂತ ಮೇಲೆ ಒಂದು. ಸುಮಾರು 1.5 ವೋಲ್ಟ್‌ನಲ್ಲೇ ಜೋತಾಡುತ್ತಿದ್ದರೆ ಆ ಗೆರೆಯನ್ನು ಆಗ ಯಾರೂ ಹಿಡಿದಿಲ್ಲ ಎಂದರ್ಥ. ಡೇಟಾ ಗೆರೆಯ ಮೇಲೆ ಆಗಾಗ ಹಾಗಿರುವುದು ಸಹಜ. ಯಾವಾಗಲೂ ಹಾಗೇ ಇದ್ದರೆ ಸಹಜವಲ್ಲ.

ಅನುಮಾನ ಬಂದ ರ‍್ಯಾಮ್ ಬೆನ್ನ ಮೇಲೆ ಒಳ್ಳೆಯ ರ‍್ಯಾಮ್ ಒತ್ತಿ ಹಿಡಿದು ನೋಡುವ ಪದ್ಧತಿಯೂ ಇದೆ. ಚಿತ್ರ ಸುಧಾರಿಸಿದರೆ ಕೆಳಗಿನದು ಸತ್ತಿದೆ. ಸುಧಾರಿಸದಿದ್ದರೆ ಮಾತ್ರ ಏನೂ ಸಾಬೀತಾಗುವುದಿಲ್ಲ. ಕೆಳಗಿನ ಚಿಪ್ ಗೆರೆಯನ್ನು ಗಟ್ಟಿಯಾಗಿ ಸೊನ್ನೆಗೆ ಎಳೆದು ಕೂತಿದ್ದರೆ ಮೇಲಿನದು ಎಷ್ಟೇ ಒಳ್ಳೆಯದಾದರೂ ಗೆಲ್ಲುವುದಿಲ್ಲ.

ಅಕ್ಷರ ಅದೇ, ಆದರೆ ಗೀಟು ಬಿದ್ದಿದೆ

ಟೈಲ್ ಸರಿಯಾದದ್ದೇ ಬಂದಿದೆ, ಅದರ ಮೈಯೊಳಗೆ ಮಾತ್ರ ಗೆರೆಗಳಿವೆ ಎಂದರೆ ವಿಡಿಯೋ ರ‍್ಯಾಮ್ ಬಿಟ್ಟುಬಿಡಿ. ಈಗ ಆಕಾರದ ರಾಮ್ ಮತ್ತು ಶಿಫ್ಟ್ ರಿಜಿಸ್ಟರ್ ಕಡೆ ಹೋಗಬೇಕು.

ಒಂದೊಂದು ಪಿಕ್ಸೆಲ್‌ಗೂ 2 ಬಿಟ್. ರಾಮ್‌ನ ಒಂದು ಬೈಟ್‌ನಲ್ಲಿ 4 ಪಿಕ್ಸೆಲ್ ಇರುತ್ತವೆ. ಬೈಟ್‌ನ ಒಂದರ್ಧ ಆ ನಾಲ್ಕು ಪಿಕ್ಸೆಲ್‌ಗಳ ಮೊದಲ ಬಿಟ್, ಇನ್ನೊಂದರ್ಧ ಎರಡನೆಯ ಬಿಟ್. ಹಾಗಾಗಿ ಒಂದೇ ಒಂದು ಡೇಟಾ ಗೆರೆ ಹೋದರೆ ನಾಲ್ಕು ಪಿಕ್ಸೆಲ್‌ಗೊಂದು ಪಿಕ್ಸೆಲ್ ಬಣ್ಣ ತಪ್ಪುತ್ತದೆ. ಇಲ್ಲಿ ಮರೆಯಬಾರದ್ದು ಮಾನಿಟರನ್ನು 90 ಡಿಗ್ರಿ ತಿರುಗಿಸಿ ಕೂರಿಸಿದ್ದಾರೆ ಎಂಬುದು. ಬೋರ್ಡಿನ ಲೆಕ್ಕದಲ್ಲಿ ಪರದೆ 288 ಬೈ 224. ಆಡುವವನಿಗೆ ಅದು ಎದ್ದು ನಿಂತಿದೆ. ಬೋರ್ಡು ಎಡದಿಂದ ಬಲಕ್ಕೆ ಎಳೆದ ಗೆರೆ ನಿಮಗೆ ಮೇಲೆ ಕೆಳಗಿನ ಗೆರೆ. ಆದ್ದರಿಂದ ಈ ದೋಷ ಆಟಗಾರನ ಕಣ್ಣಿಗೆ ನಾಲ್ಕು ಸಾಲಿಗೊಂದರಂತೆ ಅಡ್ಡ ಗೀಟುಗಳಾಗಿ ಕಾಣುತ್ತದೆ. ಫೋಟೋವನ್ನು 90 ಡಿಗ್ರಿ ತಿರುಗಿಸಿ ನೋಡಿದರೆ ತಲೆನೋವು ಕಡಿಮೆ.

ಅಡ್ಡ ಗೀಟು ಟೈಲ್‌ಗೆ ಮಾತ್ರ ಇದ್ದರೆ 5ಇ. ದೆವ್ವಗಳಿಗೂ ಇದ್ದರೆ 74ಎಲ್‌ಎಸ್194 ಶಿಫ್ಟ್ ರಿಜಿಸ್ಟರ್ ಅಥವಾ ಅದಕ್ಕೆ ಹೋಗುವ ಗೆರೆ. ಈ ಚಿಪ್ಪಿನಲ್ಲಿ 11ನೇ ಕಾಲು ಕ್ಲಾಕ್, 12ರಿಂದ 15ರವರೆಗೆ ಹೊರಬರುವ ಬಿಟ್‌ಗಳು. ಕ್ಲಾಕ್ ಮಿಡಿಯುತ್ತಿದ್ದು, ಒಳಗೆ ಹೋಗುವ ಕಾಲುಗಳೂ ಮಿಡಿಯುತ್ತಿದ್ದು, ಹೊರಬರುವ ಒಂದು ಕಾಲು ಸತ್ತಿದ್ದರೆ ಚಿಪ್ ಬದಲಿಸಿ.

ಅಡ್ರೆಸ್ ಗೆರೆ ಹೋದರೆ ಚಿತ್ರ ಬೇರೆ ಥರ. ಡೇಟಾ ಕೆಟ್ಟರೆ ಇರುವುದು ಬದಲಾಗುತ್ತದೆ, ಅಡ್ರೆಸ್ ಕೆಟ್ಟರೆ ಇರುವುದೇ ಮತ್ತೆ ಬರುತ್ತದೆ. 5ಇಯಲ್ಲಿ ಒಂದು ಟೈಲ್‌ಗೆ 16 ಬೈಟ್. ಕೆಳಗಿನ ಮೂರು ಅಡ್ರೆಸ್ ಗೆರೆಗಳಲ್ಲಿ ಒಂದು ಅಂಟಿದರೆ ಅಕ್ಷರದ ಕೆಲವು ಕಂಬಸಾಲುಗಳು ಜೋಡಿ ಜೋಡಿಯಾಗಿ ಒಂದೇ ಆಗುತ್ತವೆ. ನಾಲ್ಕನೆಯದು ಅಂಟಿದರೆ ಅಕ್ಷರದ ಮೇಲರ್ಧ ಕೆಳಗರ್ಧ ಎರಡೂ ಒಂದೇ. ಅದರ ಮೇಲಿನ ಎಂಟು ಗೆರೆಗಳು ಟೈಲ್ ನಂಬರಿನವು. ಇನ್ನು ಅಕ್ಷರಗಳೆಲ್ಲ ಸರಿ ಇದ್ದು, ಪರದೆಯ ಒಂದು ಭಾಗವೇ ಇನ್ನೊಂದು ಕಡೆ ಮತ್ತೆ ಕಂಡರೆ, ವಿಡಿಯೋ ರ‍್ಯಾಮ್‌ಗೆ ಅಡ್ರೆಸ್ ಕೊಡುವ ಮರಿ ಬೋರ್ಡನ್ನು ಮತ್ತೊಮ್ಮೆ ಕೂರಿಸಿ ನೋಡಿ.

ರಾಮ್‌ಗಳನ್ನು ಚಿಪ್ ರೀಡರ್‌ನಲ್ಲಿ ಓದಿ, ಹಳೆಯ ಆರ್ಕೇಡ್ ಆಟಗಳನ್ನು ಕಂಪ್ಯೂಟರ್‌ನಲ್ಲಿ ಓಡಿಸುವ ಮೇಮ್ (MAME) ಎಮ್ಯುಲೇಟರ್ ಬಳಸುವ ಚೆಕ್‌ಸಮ್ (ಡೇಟಾ ಸರಿಯೇ ಎಂದು ತಾಳೆ ನೋಡುವ ನಂಬರ್) ಜೊತೆ ಹೋಲಿಸಬಹುದು. ಎರಡು ಮೂರು ಸಲ ಓದಿ. ಪ್ರತಿ ಸಲ ಬೇರೆ ಬೇರೆ ಬಂದರೆ ಚಿಪ್ ಸಾಯುತ್ತಿದೆ. ಕಿಟಕಿ ಇರುವ ಚಿಪ್ ಆದರೆ ಮೇಲಿನ ಸ್ಟಿಕ್ಕರ್ ಬಿದ್ದಿದೆಯೇ ನೋಡಿ, ಬಿಸಿಲು ತಾಗಿದರೆ ಒಳಗಿನದು ನಿಧಾನಕ್ಕೆ ಅಳಿಸುತ್ತದೆ. ಮೇಮ್‌ನಲ್ಲಿ ಎಫ್4 ಒತ್ತಿದಾಗ ತೆರೆಯುವ ಗ್ರಾಫಿಕ್ಸ್ ಪುಟಗಳಲ್ಲಿ ಟೈಲ್‌ಗಳೆಲ್ಲ ಸಾಲಾಗಿ ಕಾಣುತ್ತವೆ. ಸರಿಯಾದ ಚಿತ್ರ ಹೇಗಿರಬೇಕು ಎಂದು ಪಕ್ಕದಲ್ಲಿಟ್ಟುಕೊಳ್ಳಲು ಅದು ತುಂಬಾ ಚೆನ್ನಾಗಿದೆ.

ದೆವ್ವಗಳ ತೊಂದರೆ ಮಾತ್ರ

ಸ್ಪ್ರೈಟ್‌ನ ಆಕಾರ ಮತ್ತು ಬಣ್ಣದ ನಂಬರ್ ಕೆಲಸದ ರ‍್ಯಾಮ್‌ನ ಕೊನೆಯ 16 ಬೈಟ್‌ಗಳಲ್ಲಿ ಇರುತ್ತದೆ. ಎಲ್ಲಿ ನಿಲ್ಲಬೇಕು ಎಂಬುದು ಬೇರೆ ಪುಟ್ಟ ರ‍್ಯಾಮ್‌ನಲ್ಲಿ. ಆಕಾರ ಸರಿ ಇದ್ದು ಜಾಗ ತಪ್ಪಿದರೆ, ಅಥವಾ ದೆವ್ವಗಳು ಸುಮ್ನೆ ಒಂದು ಗೆರೆಯಿಂದ ಇನ್ನೊಂದಕ್ಕೆ ಹಾರುತ್ತಿದ್ದರೆ ಈ ಪುಟ್ಟ ರ‍್ಯಾಮ್ ಕಡೆ ನೋಡಿ.

ದೆವ್ವದ ಹಿಂದೆ ಬಣ್ಣ ಪಕ್ಕಕ್ಕೆ ಒರೆಸಿದ ಹಾಗೆ ಬಾಲ ಬೆಳೆದಿದ್ದರೆ ಲೈನ್ ಬಫರ್. ಸ್ಪ್ರೈಟ್‌ಗಳನ್ನು ಬೋರ್ಡು ಒಂದೊಂದು ಗೆರೆಯಷ್ಟೇ ತಯಾರಿಸಿ, ತೋರಿಸಿ, ಅಳಿಸುತ್ತದೆ. ಅಳಿಸುವ ಕೆಲಸ ತಪ್ಪಿದರೆ ಹಿಂದಿನ ಗೆರೆಯದು ಮುಂದಿನದಕ್ಕೂ ಉಳಿಯುತ್ತದೆ. ಗೆರೆಗಳು ನಿಂತಿರುವುದರಿಂದ ಆ ಬಾಲ ಆಟಗಾರನಿಗೆ ಅಡ್ಡಕ್ಕೆ ಕಾಣುತ್ತದೆ.

ಬಣ್ಣ

ಬಣ್ಣ ನೋಡಲು ಪಾತ್ರಗಳೇ ಸಾಕು. ಪ್ಯಾಕ್‌ಮ್ಯಾನ್ ಹಳದಿ, ಬ್ಲಿಂಕಿ ಕೆಂಪು, ಪಿಂಕಿ ಗುಲಾಬಿ, ಇಂಕಿ ತಿಳಿ ನೀಲಿ, ಕ್ಲೈಡ್ ಕಿತ್ತಳೆ. ಕೆಂಪು ಪೂರ್ತಿ ಹೋದರೆ ಪ್ಯಾಕ್‌ಮ್ಯಾನ್ ಹಸಿರಾಗುತ್ತಾನೆ, ಬ್ಲಿಂಕಿಯ ಕಣ್ಣು ಮಾತ್ರ ಉಳಿಯುತ್ತದೆ. ಹಸಿರು ಹೋದರೆ ಪ್ಯಾಕ್‌ಮ್ಯಾನ್ ಕೆಂಪು, ಇಂಕಿ ಅಪ್ಪಟ ನೀಲಿ. ನೀಲಿ ಹೋದರೆ ಗೋಡೆಗಳೇ ಹೆಚ್ಚುಕಡಿಮೆ ಮಾಯ!

ಒಂದು ಬಣ್ಣ ಪೂರ್ತಿ ಇಲ್ಲ ಎಂದರೆ ಬೋರ್ಡನ್ನು ಬೈಯುವ ಮೊದಲು ಆಫ್ ಮಾಡಿ, ಮಾನಿಟರಿಗೆ ಹೋಗುವ ಕೆಂಪು ಹಸಿರು ವೈರ್‌ಗಳನ್ನು ಅದಲು ಬದಲು ಮಾಡಿ. ಮೊದಲು ಕೆಂಪು ಇರಲಿಲ್ಲ, ಈಗ ಕೆಂಪು ಬಂದು ಹಸಿರು ಹೋಯಿತು ಎಂದರೆ ಬೋರ್ಡಿನ ತಪ್ಪು. ಈಗಲೂ ಕೆಂಪೇ ಇಲ್ಲ ಎಂದರೆ ಮಾನಿಟರ್ ಕಡೆಯದು.

ಬಣ್ಣ ಇದೆ ಆದರೆ ಮಂಕು ಎಂದರೆ 7ಎಫ್‌ನ ಒಂದು ಬಿಟ್ ಅಥವಾ ಅದರ ರೆಸಿಸ್ಟರ್. ಕೆಂಪು ಹಸಿರಿಗೆ ಮೂರು ಮೂರು ಬಿಟ್, 220, 470, 1000 ಓಮ್. ನೀಲಿಗೆ ಎರಡೇ, 220 ಮತ್ತು 470. ಜಾಸ್ತಿ ಮಂಕಾಗಿದ್ದರೆ 220ರ ಗೆರೆಯಿಂದ ಶುರು ಮಾಡಿ.

ಪರದೆಯ ತುಂಬ ಒಂದು ಬಣ್ಣ ಇನ್ನೊಂದಾಗಿದ್ದು, ಎಲ್ಲಿ ನೋಡಿದರೂ ಅದೇ ತಪ್ಪು ಎಂದರೆ 4ಎ. ಅಲ್ಲೊಂದು ಇಲ್ಲೊಂದು 8 ಬೈ 8ರ ಚೌಕ ಮಾತ್ರ ಬಣ್ಣ ತಪ್ಪಿದ್ದರೆ ಬಣ್ಣದ ರ‍್ಯಾಮ್. ಅದೂ 2114 ಜೋಡಿಯೇ, ಮೇಲೆ ಹೇಳಿದ ಪರೀಕ್ಷೆಗಳೇ ಸಾಕು. 4ಎ, 7ಎಫ್ ಎರಡೂ ಹಳೆಯ ಬೈಪೋಲಾರ್ ಪ್ರಾಮ್‌ಗಳು, ಅಂದರೆ ಒಮ್ಮೆ ಮಾತ್ರ ಬರೆಯಲಾಗುವ ರಾಮ್‌ಗಳು. ಸಾಮಾನ್ಯವಾಗಿ ಸಿಗುವ ಅಗ್ಗದ ರೀಡರ್‌ಗಳಲ್ಲಿ ಇವು ಓದಲಾಗುವುದಿಲ್ಲ.

ಚಿಪ್ ತೆಗೆಯುವಾಗ

ಬೋರ್ಡಿಗೆ ವಯಸ್ಸಾಗಿದೆ, ತಾಮ್ರದ ಗೆರೆ ಬೇಗ ಏಳುತ್ತದೆ. ಕೆಟ್ಟದ್ದು ಖಚಿತವಾದ ಚಿಪ್ಪನ್ನು ಉಳಿಸುವ ಆಸೆ ಬೇಡ. ಕಾಲುಗಳನ್ನು ಮೈಯ ಪಕ್ಕದಲ್ಲೇ ಕತ್ತರಿಸಿ, ಆಮೇಲೆ ಒಂದೊಂದೇ ಕಾಲನ್ನು ಬಿಸಿ ಮಾಡಿ ಎಳೆಯಿರಿ. ತೂತು ಸ್ವಚ್ಛ ಮಾಡಿ ಸಾಕೆಟ್ ಹಾಕಿ. 74ಎಲ್‌ಎಸ್ ಚಿಪ್‌ಗಳು, ಸಾಕೆಟ್‌ಗಳು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿದರೆ ಸಿಗುತ್ತವೆ. 2114 ತಯಾರಿಕೆ ನಿಂತು ಎಷ್ಟೋ ಕಾಲವಾಗಿದೆ. ಈಗ ಸಿಗುವುದು ಹಳೆಯ ದಾಸ್ತಾನು ಅಥವಾ ಬೇರೆ ಬೋರ್ಡಿನಿಂದ ಕಿತ್ತದ್ದು. ಬೇಕಾದ್ದಕ್ಕಿಂತ ನಾಲ್ಕು ಜಾಸ್ತಿ ತನ್ನಿ, ಸಾಕೆಟ್‌ನಲ್ಲಿ ಒಂದೊಂದಾಗಿ ಹಾಕಿ ಟೆಸ್ಟ್ ಸ್ವಿಚ್‌ನಲ್ಲಿ ಪರೀಕ್ಷಿಸಿ.

ಸರಿಯಾದ ಮೇಲೆ ಬೋರ್ಡನ್ನು ಒಂದೆರಡು ಗಂಟೆ ಹಾಗೇ ಓಡಲು ಬಿಡಿ. ತಣ್ಣಗಿದ್ದಾಗ ಸರಿ ಇದ್ದು ಬಿಸಿಯಾದ ಮೇಲೆ ಮತ್ತೆ ಗೀಟು ಬಂದರೆ, ಅನುಮಾನದ ಚಿಪ್‌ಗಳಿಗೆ ಒಂದೊಂದಾಗಿ ಕೂಲಿಂಗ್ ಸ್ಪ್ರೇ ಹೊಡೆಯಿರಿ. ಯಾವುದಕ್ಕೆ ಹೊಡೆದಾಗ ಗೀಟು ಹೋಗುತ್ತದೋ ಅದನ್ನು ಬದಲಿಸಿ.

ಯಾರಾದರೂ ನಿಪುಣರು 256ನೇ ಹಂತದವರೆಗೆ ಆಡಿ, ಪರದೆಯ ಬಲಗಡೆ ಅರ್ಧ ಪೂರ್ತಿ ಕಸ ತುಂಬಿಕೊಂಡಿದೆ ಎಂದು ಕರೆದರೆ ಐರನ್ ಎತ್ತಿಕೊಂಡು ಹೋಗಬೇಡಿ. ಹಂತದ ಎಣಿಕೆಗೆ ಪ್ರೋಗ್ರಾಮ್‌ನಲ್ಲಿ 8 ಬಿಟ್ ಜಾಗವಷ್ಟೇ ಇದೆ. 255 ದಾಟಿದಾಗ ಅದು ಸೊನ್ನೆಗೆ ಬಂದು, ಕೆಳಗಿನ ಹಣ್ಣುಗಳ ಸಾಲು ಬರೆಯುವ ಲೆಕ್ಕ ತಪ್ಪಿ, ಪ್ರೋಗ್ರಾಮೇ ಅರ್ಧ ಪರದೆಯ ಮೇಲೆ ಕಸ ಬರೆಯುತ್ತದೆ. ಹೊಚ್ಚಹೊಸ ಬೋರ್ಡಿನಲ್ಲೂ ಅದು ಹಾಗೇ ಬರುತ್ತದೆ.